ಪುಕ್ಕಲು ನಾಯಿ ಹೊಸ ಮನೆಗೆ ಬಂದಿದೆ, ಈಗೇನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಮರಿ ತಂದವರಿಗೆ ಸಲಹೆ ಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ನಾಲ್ಕೈದು ವರ್ಷ ಬೇರೆ ಎಲ್ಲೋ ಬೆಳೆದ, ಯಾರೋ ಬಿಟ್ಟುಹೋದ, ಆಶ್ರಯತಾಣದಲ್ಲಿ ದಿನ ಕಳೆದ ನಾಯಿಯನ್ನು ತಂದವರು ಮಾತ್ರ ಮೂರನೇ ರಾತ್ರಿ ಮಂಚದ ಕೆಳಗೆ ಬಗ್ಗಿ ನೋಡುತ್ತಾ "ನಾವೇನಾದ್ರೂ ತಪ್ಪು ಮಾಡಿದ್ವಾ" ಅಂತ ಕೂತಿರುತ್ತಾರೆ. ನಾನೂ ಹಾಗೇ ಕೂತಿದ್ದೆ. ನಮ್ಮ ಚಿಕ್ಕಿ ಬಂದಾಗ ಅವಳಿಗೆ ಸುಮಾರು 5 ವರ್ಷ. ಆಮೇಲೆ ಇಂಥ ನಾಯಿ ತಂದವರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ಡಾಕ್ಟರಲ್ಲ. ಡಾಕ್ಟರ ಹತ್ತಿರ ಹೋಗಬೇಕಾದ ಕಡೆ ಹಾಗಂತಲೇ ಬರೆದಿದ್ದೇನೆ.

ಹೊಂದಿಕೊಳ್ಳೋಕೆ ಎಷ್ಟು ದಿನ ಬೇಕು?

ನಾಯಿಗಳನ್ನು ಕಾಪಾಡಿ ಮನೆ ಹುಡುಕಿಕೊಡುವವರು 3-3-3 ಅಂತ ಒಂದು ಲೆಕ್ಕ ಹೇಳುತ್ತಾರೆ. ಮೊದಲ 3 ದಿನ ಬರೀ ಗಾಬರಿ. 3 ವಾರ ಆಗುವಷ್ಟರಲ್ಲಿ ಮನೆಯ ದಿನಚರಿ ಅರ್ಥ ಆಗುತ್ತದೆ. 3 ತಿಂಗಳಿಗೆ ಇದು ನನ್ನ ಜಾಗ ಅನ್ನಿಸೋಕೆ ಶುರುವಾಗುತ್ತದೆ. ಒಳ್ಳೆಯ ಅಂದಾಜೇ, ಆದರೆ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡು ಕೂರಬೇಡಿ. ಪುಕ್ಕಲು ನಾಯಿಗೆ ಇದರ ಎರಡರಷ್ಟು ಹಿಡಿಯಬಹುದು, ಮೂರರಷ್ಟೂ ಹಿಡಿಯಬಹುದು. ಚಿಕ್ಕಿ ಮೊದಲ ಸಲ ಬೊಗಳಿದ್ದು 5ನೇ ತಿಂಗಳಲ್ಲಿ. ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ನೋಡಿದೆವು. (ಈಗ ಯಾವಾಗ ನಿಲ್ಲಿಸುತ್ತಾಳೋ ಅಂತ ಕಾಯುತ್ತೇವೆ, ಆ ಮಾತು ಬೇರೆ.)

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಬಂದ ಹೊಸದರಲ್ಲಿ "ಎಷ್ಟು ಸಾಧು ನೋಡಿ, ಒಂದು ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತೆ" ಅನ್ನಿಸುವ ನಾಯಿ ನಿಜಕ್ಕೂ ಸಾಧು ಆಗಿರಬೇಕು ಅಂತೇನಿಲ್ಲ, ಹೆದರಿಕೆಗೆ ಮುದುಡಿಕೊಂಡು ಕೂತಿರಬಹುದು. ಮೂರು ನಾಲ್ಕು ವಾರದ ಮೇಲೆ ಸ್ವಲ್ಪ ಧೈರ್ಯ ಬಂದಾಗ ಬೊಗಳುತ್ತದೆ, ಲೀಶ್ ಎಳೆಯುತ್ತದೆ, ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದೆ. "ಮೊದಲು ಚೆನ್ನಾಗಿತ್ತು, ಈಗ ಕೆಟ್ಟುಹೋಗಿದೆ" ಅಂತ ಎಷ್ಟೋ ಜನ ವಾಪಸ್ ಕೊಡುವುದು ಇದೇ ಹೊತ್ತಿಗೆ. ಪಾಪ, ಅದು ಆಗಷ್ಟೇ ಬಾಯಿ ಬಿಡೋಕೆ ಶುರು ಮಾಡಿರುತ್ತದೆ.

ಮೊದಲ ದಿನ ಏನೇನು ಮಾಡಬೇಕು?

ಹೆಚ್ಚೇನೂ ಮಾಡಬೇಡಿ. ಇದು ಹೇಳೋಕೆ ಸುಲಭ, ಮಾಡೋಕೆ ಕಷ್ಟ, ಯಾಕಂದ್ರೆ ಮನೆ ತುಂಬ ಉತ್ಸಾಹ ಇರುತ್ತದೆ.

ಮನೆಗೆ ಬಂದ ಕೂಡಲೇ ಮೊದಲು ಉಚ್ಚೆ ಮಾಡುವ ಜಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಅದಕ್ಕೆ ಬೇಕಾದಷ್ಟು ಹೊತ್ತು ಮೂಸಲಿ. ಆಮೇಲೆ ಒಂದೇ ಒಂದು ಕೋಣೆ. ಇಡೀ ಮನೆ ತೋರಿಸುವ ಅಗತ್ಯ ಇಲ್ಲ. ಆ ಕೋಣೆಯಲ್ಲಿ ನೀರು, ಹಾಸಿಗೆ, ಅವಿತುಕೊಳ್ಳೋಕೆ ಒಂದು ಮರೆ. ಮೇಜಿನ ಮೇಲಿಂದ ದಪ್ಪ ಬೆಡ್‌ಶೀಟ್ ಇಳಿಬಿಟ್ಟರೂ ಸಾಕು. ಹಳೆಯ ಜಾಗದಿಂದ ಅದು ಮಲಗುತ್ತಿದ್ದ ಬಟ್ಟೆ ಸಿಕ್ಕಿದರೆ ಒಗೆಯದೆ ಹಾಗೇ ಹಾಕಿ. ನಮಗೆ ಅದು ಕಮಟು ವಾಸನೆ, ಅದಕ್ಕೆ ಆ ಹೊತ್ತಿನಲ್ಲಿ ಪರಿಚಯ ಇರುವುದು ಅದೊಂದೇ. ಸ್ನಾನ ಬೇಡ, ಫೋಟೋ ಬೇಡ, ನೆಂಟರು ಬೇಡ.

ನೆಂಟರ ವಿಷಯ ಅನುಭವದಿಂದ ಹೇಳುತ್ತಿದ್ದೇನೆ. ಮೂರನೇ ದಿನ ಚಿಕ್ಕಿ ಹಾಲ್‌ವರೆಗೆ ಬಂದಳು ಅಂತ ಖುಷಿಯಾಗಿ ಎಲ್ಲರಿಗೂ ಫೋನ್ ಮಾಡಿದೆ. ಸಂಜೆಗೆ 8 ಜನ ಬಂದರು. ಎಲ್ಲರೂ ನಾಯಿ ಇಷ್ಟಪಡುವವರೇ, ಒಬ್ಬೊಬ್ಬರಾಗಿ ಬಗ್ಗಿ ಕೈ ಚಾಚಿದರು. ಅವಳು ಗೋಡೆಗೆ ಒತ್ತಿಕೊಂಡು ನಿಂತಲ್ಲೇ ಉಚ್ಚೆ ಮಾಡಿಕೊಂಡಳು. ಮತ್ತೆ ಹಾಲ್‌ಗೆ ಬರೋಕೆ 2 ವಾರ ಹಿಡಿಯಿತು. ತಪ್ಪು ಪೂರ್ತಿ ನನ್ನದು.

ಮಂಚದ ಕೆಳಗೆ ಹೋಗಿ ಕೂತಿದೆ. ಹೊರಗೆ ಎಳೆಯಬೇಕಾ?

ಬೇಡ. ಎಳೆದರೆ ಇರುವ ಒಂದು ಭದ್ರವಾದ ಜಾಗವೂ ಭದ್ರ ಅಲ್ಲ ಅಂತ ಕಲಿಸಿದ ಹಾಗಾಗುತ್ತದೆ, ಮೇಲೆ ಕಚ್ಚಿಸಿಕೊಳ್ಳಲೂಬಹುದು. ನೀರಿನ ಬಟ್ಟಲನ್ನು ಮಂಚದ ಹತ್ತಿರ ಇಡಿ. ದಿನಕ್ಕೆ ನಾಲ್ಕೈದು ಸಲ ಅದೇ ಕೋಣೆಯಲ್ಲಿ ನೆಲದ ಮೇಲೆ ಕೂರಿ, ಮುಖ ಆ ಕಡೆ ತಿರುಗಿಸಿಕೊಂಡು. ಪೇಪರ್ ಓದಿ, ಫೋನ್ ನೋಡಿ, ಮೆಲ್ಲಗೆ ಮಾತಾಡಿ. ನೀವು ಬಂದಾಗೆಲ್ಲ ತನಗೆ ಏನೂ ಆಗಲಿಲ್ಲ ಅನ್ನುವುದು ಅದಕ್ಕೆ ಲೆಕ್ಕಕ್ಕೆ ಸಿಗಬೇಕು. ಎಷ್ಟು ಸಲ ಅಂತ ಕೇಳಬೇಡಿ, ಅದು ಎಣಿಸುತ್ತಿರುತ್ತದೆ.

ಕೈಯಲ್ಲಿ ತಿಂಡಿ ಹಿಡಿದು ಹತ್ತಿರ ಹತ್ತಿರ ಕರೆಯುವುದನ್ನು ಎಲ್ಲರೂ ಮಾಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಆಸೆಗೆ ಅದು ತನಗೆ ಧೈರ್ಯ ಇರುವುದಕ್ಕಿಂತ ಮುಂದೆ ಬಂದುಬಿಡುತ್ತದೆ, ಬಾಯಿಗೆ ಹಾಕಿಕೊಂಡ ಮೇಲೆ "ಅಯ್ಯೋ ಇಷ್ಟು ಹತ್ತಿರ ಇದ್ದೀನಲ್ಲ" ಅಂತ ಗೊತ್ತಾಗಿ ಬೆಚ್ಚುತ್ತದೆ. ಅದರ ಬದಲು ತಿಂಡಿಯನ್ನು ಅದರ ಹಿಂದಕ್ಕೆ ಬೀಳುವ ಹಾಗೆ ಎಸೆಯಿರಿ. ತಿನ್ನೋಕೆ ನಿಮ್ಮಿಂದ ದೂರ ಹೋಗಬೇಕು, ಆಮೇಲೆ ಇನ್ನೂ ಬೇಕಾದರೆ ತಾನೇ ತಿರುಗಿ ಬರಬೇಕು. ದೂರ ಹೋಗೋಕೆ ದಾರಿ ಇದೆ ಅಂತ ಗೊತ್ತಿರುವ ನಾಯಿ ಬೇಗ ಹತ್ತಿರ ಬರುತ್ತದೆ. ವಿಚಿತ್ರ ಅನ್ನಿಸುತ್ತೆ, ಆದರೆ ಹಾಗೇ ಆಗೋದು.

ಊಟ ಮುಟ್ಟುತ್ತಿಲ್ಲ. ಏನು ಮಾಡಲಿ?

ಬೆಳೆದ ನಾಯಿ, ಬೇರೆ ಎಲ್ಲ ರೀತಿಯಲ್ಲೂ ಆರೋಗ್ಯವಾಗಿದ್ದು ನೀರು ಕುಡಿಯುತ್ತಿದ್ದರೆ ಒಂದೆರಡು ದಿನ ಸರಿಯಾಗಿ ತಿನ್ನದೆ ಇರುವುದು ಇಂಥ ಹೊತ್ತಿನಲ್ಲಿ ಸಾಮಾನ್ಯ. ಒಂದು ದಿನ ಪೂರ್ತಿ ನೀರೇ ಕುಡಿಯದಿದ್ದರೆ, ವಾಂತಿ ಭೇದಿ ಇದ್ದರೆ, ಎರಡು ದಿನ ದಾಟಿದರೆ ಡಾಕ್ಟರಿಗೆ ತೋರಿಸಿ. ತುಂಬ ಸಣ್ಣ ತಳಿ, ವಯಸ್ಸಾದ ನಾಯಿ, ಮೊದಲೇ ಕಾಯಿಲೆ ಇರುವ ನಾಯಿ ಆದರೆ ಅಷ್ಟು ದಿನವೂ ಕಾಯಬೇಡಿ.

ಹಳೆಯ ಜಾಗದಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮುಂದುವರಿಸಿ. ಬದಲಾಯಿಸುವುದಿದ್ದರೆ ಅದು ಸ್ವಲ್ಪ ನೆಲೆ ನಿಂತ ಮೇಲೆ, 7ರಿಂದ 10 ದಿನದಲ್ಲಿ, ಹಳೆಯದಕ್ಕೆ ಹೊಸದನ್ನು ದಿನದಿನ ಸ್ವಲ್ಪ ಸ್ವಲ್ಪ ಜಾಸ್ತಿ ಬೆರೆಸುತ್ತಾ. ತಟ್ಟೆ ಇಟ್ಟು ತಲೆ ಮೇಲೆ ನಿಂತು ನೋಡಬೇಡಿ. ಇಟ್ಟು ಹೊರಗೆ ಹೋಗಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ.

ಚಿಕ್ಕಿ ನಾಲ್ಕು ದಿನ ತಿನ್ನಲಿಲ್ಲ. ಡಾಕ್ಟರು ನೋಡಿ ಹುಷಾರಾಗಿದ್ದಾಳೆ ಅಂದರು. ಮತ್ತೇನು? ಐದನೇ ದಿನ ಬಾಗಿಲ ಸಂದಿಯಿಂದ ನೋಡಿದೆ. ತಟ್ಟೆ ಹತ್ತಿರ ಬಂದಳು, ಕತ್ತು ಬಗ್ಗಿಸಿದಳು, ಕೊರಳಲ್ಲಿದ್ದ ಬಿಲ್ಲೆ ಸ್ಟೀಲ್ ತಟ್ಟೆಯ ಅಂಚಿಗೆ ತಗುಲಿ ಟಿಣ್ ಅಂತು. ಅಷ್ಟೇ, ಒಂದೇ ನೆಗೆತಕ್ಕೆ ಮಂಚದ ಕೆಳಗೆ. ಪಿಂಗಾಣಿ ತಟ್ಟೆ ಇಟ್ಟು, ಕೆಳಗೆ ಬಟ್ಟೆ ಹಾಸಿ, ಬಿಲ್ಲೆಗೆ ಟೇಪ್ ಸುತ್ತಿದೆ. ಆ ರಾತ್ರಿ ತಟ್ಟೆ ನೆಕ್ಕಿ ಫಳಫಳ ಮಾಡಿದ್ದಳು. ನಾವು ಅಷ್ಟು ದಿನ ಅವಳಿಗೆ ನಮ್ಮ ಮೇಲೆ ಕೋಪ ಅಂದುಕೊಂಡಿದ್ದೆವು!

ಪಾಪ ಅಂತ ಬಾಯಿಗೆ ಏನಾದರೂ ಹಾಕುವವರು ಇರುತ್ತಾರೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಹಾಕಿದ ಸಕ್ಕರೆರಹಿತ ತಿನಿಸು, ಇವೆಲ್ಲ ನಾಯಿಗೆ ವಿಷ ಅಂತ ಅವರಿಗೂ ಹೇಳಿಬಿಡಿ.

ಬಾಲ ಆಡಿಸುತ್ತಿದೆಯಲ್ಲ, ಹಾಗಿದ್ರೆ ಖುಷಿಯಾಗಿದೆ ಅಲ್ವಾ?

ಬಾಲ ಆಡಿದರೆ ಅದು ಉದ್ರೇಕದಲ್ಲಿದೆ ಅಂತಷ್ಟೇ ಅರ್ಥ. ಸೊಂಟದ ಸಮೇತ ಅಗಲವಾಗಿ, ಸಡಿಲವಾಗಿ ಆಡುವ ಬಾಲವೇ ಬೇರೆ. ಹಿಂಗಾಲಿನ ನಡುವೆ ಸಿಕ್ಕಿಸಿಕೊಂಡು ತುದಿ ಮಾತ್ರ ಪಟಪಟ ಆಡುವುದೇ ಬೇರೆ. ನೆಟ್ಟಗೆ ನಿಂತ ಬಾಲ ಬಿಗಿಯಾಗಿ ಅದುರುತ್ತಿದ್ದರೆ ಹತ್ತಿರ ಹೋಗಬೇಡಿ.

ಬಾಲಕ್ಕಿಂತ ಮುಖ ನೋಡಿ. ತಿನ್ನೋಕೆ ಏನೂ ಇಲ್ಲದೆ ಮೂಗು ನೆಕ್ಕಿಕೊಳ್ಳುವುದು, ನಿದ್ದೆ ಬರದೆ ಆಕಳಿಸುವುದು, ತಲೆ ಆ ಕಡೆ ತಿರುಗಿಸಿ ಕಣ್ಣು ಮಾತ್ರ ನಿಮ್ಮ ಮೇಲೆ ಇಟ್ಟು ಬಿಳಿಗುಡ್ಡೆ ಅರ್ಧಚಂದ್ರದ ಹಾಗೆ ಕಾಣಿಸುವುದು, ಒಂದು ಮುಂಗಾಲು ಎತ್ತಿ ನಿಲ್ಲುವುದು. ಸೆಕೆ ಇಲ್ಲದಿದ್ದರೂ ತೇಕುವುದು. ಇದ್ದಕ್ಕಿದ್ದಂತೆ ಕೂದಲು ಉದುರುವುದು. ನಾಯಿಗೆ ಪಾದದ ಮೆತ್ತೆಯಲ್ಲೂ ಬೆವರು ಬರುತ್ತದೆ, ಹೆದರಿದ ನಾಯಿ ನಡೆದ ನಯವಾದ ನೆಲದ ಮೇಲೆ ಒದ್ದೆ ಹೆಜ್ಜೆ ಗುರುತು ಕಾಣುತ್ತದೆ. ನೀರಿನಲ್ಲಿ ಕಾಲಿಟ್ಟಿರಬೇಕು ಅಂತ ನಾನು ಎಷ್ಟು ದಿನ ಒರೆಸಿದ್ದೇನೋ!

ಇದೆಲ್ಲಕ್ಕಿಂತ ಗಂಭೀರವಾದದ್ದು ಕಲ್ಲಿನ ಹಾಗೆ ಸ್ತಬ್ಧವಾಗುವುದು. ಅದನ್ನು ನೋಡಿ "ಮುಟ್ಟಿಸಿಕೊಳ್ಳುತ್ತಿದೆ" ಅಂದುಕೊಳ್ಳುವವರೇ ಜಾಸ್ತಿ. ಹಾಗಾದಾಗ ಕೈ ಹಿಂದಕ್ಕೆ ತೆಗೆದುಕೊಂಡು ದೂರ ಸರಿಯಿರಿ.

ಗುರ್ ಅಂದರೆ ಗದರಿಸಬೇಕಾ?

ಗದರಿಸಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಬೈದು ಅದನ್ನು ಬಿಡಿಸಿದರೆ ಹೆದರಿಕೆ ಹೋಗಿರುವುದಿಲ್ಲ, ಎಚ್ಚರಿಕೆ ಮಾತ್ರ ಹೋಗಿರುತ್ತದೆ, ಮುಂದಿನ ಸಲ ನೇರವಾಗಿ ಹಲ್ಲು.

ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತಂತೆ, ನಿಜಾನಾ?

ನಿಜ ಅಲ್ಲ, ಆದರೆ ಎಲ್ಲರೂ ನಂಬುತ್ತಾರೆ. ಹೆದರಿಕೆ ಅನ್ನುವುದು ಬಿಸ್ಕತ್ತಿಗಾಗಿ ಕಲಿತ ಆಟ ಅಲ್ಲ, ನೀವು ತಡವಿದಿರಿ ಅಂತ ಅದು ಹೆಚ್ಚಿಗೆ ಹೆದರುವುದಿಲ್ಲ. ತಾನಾಗಿ ನಿಮ್ಮ ಪಕ್ಕಕ್ಕೆ ಬಂದು ಒರಗಿದರೆ ಕೂರಿಸಿಕೊಳ್ಳಿ, ನಿಧಾನವಾಗಿ ಸವರಿ. ಮರೆಗೆ ಓಡಿದರೆ ಹಿಂದೆ ಹೋಗಬೇಡಿ. ನೀವು ಮಾತ್ರ "ಅಯ್ಯಯ್ಯೋ ಏನಾಯ್ತು" ಅಂತ ಗಾಬರಿ ಬೀಳಬಾರದು.

ಮುಟ್ಟೋಕೆ ಶುರು ಮಾಡೋದು ಯಾವಾಗ?

ಅದು ಬಂದಾಗ. ಎದೆ ಅಥವಾ ಕೊರಳ ಪಕ್ಕ 3 ಸೆಕೆಂಡ್ ಸವರಿ, ಕೈ ತೆಗೆಯಿರಿ. ಮೂಗಿನಿಂದ ಕೈ ತಳ್ಳಿ ಇನ್ನೂ ಬೇಕು ಅಂದರೆ ಮುಂದುವರಿಸಿ. ಮುಖ ತಿರುಗಿಸಿದರೆ ಇವತ್ತಿಗೆ ಸಾಕು. ತಲೆಯ ಮೇಲಿಂದ ಕೈ ತರುವುದು, ಅಪ್ಪಿಕೊಳ್ಳುವುದು ಸದ್ಯಕ್ಕೆ ಬೇಡ.

ಹೊರಗೆ ಕರೆದುಕೊಂಡು ಹೋಗೋಕೆ ಭಯ. ತಪ್ಪಿಸಿಕೊಂಡರೆ?

ಭಯ ಇರಬೇಕು. ಹೊಸದಾಗಿ ಬಂದ ಪುಕ್ಕಲು ನಾಯಿ ಕೈ ತಪ್ಪಿ ಓಡುವ ಸಾಧ್ಯತೆ ಮೊದಲ ಕೆಲವು ವಾರಗಳಲ್ಲೇ ಜಾಸ್ತಿ. ಅದಕ್ಕೆ ನಿಮ್ಮ ಮನೆ ಇನ್ನೂ ಮನೆ ಆಗಿಲ್ಲ, ತಿರುಗಿ ಬರಬೇಕು ಅಂತಲೂ ಗೊತ್ತಿಲ್ಲ.

ಸಾಮಾನ್ಯ ಬೆಲ್ಟಿನಿಂದ ನಾಯಿ ಹಿಂದಕ್ಕೆ ಎಳೆದುಕೊಂಡು ತಲೆ ಬಿಡಿಸಿಕೊಳ್ಳುತ್ತದೆ, ಎರಡು ಸೆಕೆಂಡಿನ ಕೆಲಸ. ಎದೆ, ಬೆನ್ನು ಸುತ್ತಿ ಕಟ್ಟುವ ಹಾರ್ನೆಸ್ ಹಾಕಿ, ಹೊಟ್ಟೆಯ ಹಿಂಭಾಗಕ್ಕೂ ಒಂದು ಪಟ್ಟಿ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಎಳೆದಾಗ ಸ್ವಲ್ಪ ಬಿಗಿಯಾಗಿ ಅಲ್ಲಿಗೇ ನಿಲ್ಲುವ ಮಾರ್ಟಿಂಗೇಲ್ ಬೆಲ್ಟ್ ಜೊತೆಗಿರಲಿ. ಲೀಶ್ ಎರಡಕ್ಕೂ ಸಿಕ್ಕಿಸಿ. ಒಂದು ಕಳಚಿದರೆ ಇನ್ನೊಂದು ಹಿಡಿದಿರುತ್ತದೆ. ನಮ್ಮ ಹಳೆಯ ಲೀಶಿನ ಕೊಕ್ಕೆ ಒಂದು ದಿನ ಗೇಟಿನ ಹತ್ತಿರವೇ ತಾನಾಗಿ ತೆರೆದುಕೊಂಡಿತ್ತು, ಎರಡನೆಯದು ಇಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಬಾಗಿಲು ತೆರೆಯುವ ಮುಂಚೆ ನಾಯಿ ಎಲ್ಲಿದೆ ನೋಡುವ ಅಭ್ಯಾಸ ಮನೆಯ ಎಲ್ಲರಿಗೂ ಆಗಬೇಕು.

ಕೊರಳ ಬಿಲ್ಲೆಯಲ್ಲಿ ನಿಮ್ಮ ಫೋನ್ ನಂಬರ್ ಮೊದಲ ದಿನವೇ ಇರಲಿ. ಚರ್ಮದ ಕೆಳಗೆ ಹಾಕುವ ಗುರುತಿನ ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆಗೆ ಯಾರ ಹೆಸರು ಜೋಡಿಸಿದೆ ನೋಡಿ, ಬಹಳ ಸಲ ಹಳೆಯ ಮಾಲೀಕರ ನಂಬರೇ ಉಳಿದಿರುತ್ತದೆ. ಚಿಪ್ ಜಿಪಿಎಸ್ ಅಲ್ಲ ಅನ್ನುವುದೂ ನೆನಪಿರಲಿ. ಯಾರಾದರೂ ಸ್ಕ್ಯಾನ್ ಮಾಡಿದರೆ ಮಾತ್ರ ಅದು ಉಪಯೋಗಕ್ಕೆ ಬರೋದು.

ಅಕಸ್ಮಾತ್ ಓಡಿಹೋದರೆ ಅಟ್ಟಿಸಿಕೊಂಡು ಹೋಗಬೇಡಿ, ಹೆಸರು ಹಿಡಿದು ಕೂಗಬೇಡಿ. ಅಂಥ ಹೊತ್ತಿನಲ್ಲಿ ಅದು ನಿಮ್ಮನ್ನೇ ಗುರುತಿಸದೆ ಇರಬಹುದು. ಕಣ್ಣಿಗೆ ಬಿದ್ದರೆ ಕೆಳಗೆ ಕೂರಿ, ಪಕ್ಕಕ್ಕೆ ತಿರುಗಿ, ತಿಂಡಿ ನೆಲಕ್ಕೆ ಉದುರಿಸುತ್ತಾ ಇರಿ. ಕಾಣದಿದ್ದರೆ ತಪ್ಪಿಸಿಕೊಂಡ ಜಾಗದಲ್ಲೇ ಅದರ ಹಾಸಿಗೆ, ನಿಮ್ಮ ಬೆವರಿನ ಬಟ್ಟೆ, ಊಟ ಇಟ್ಟು ಗಲಾಟೆ ಇಲ್ಲದೆ ಕಾಯಿರಿ. ಎಷ್ಟೋ ನಾಯಿಗಳು ರಾತ್ರಿ ಸದ್ದಡಗಿದ ಮೇಲೆ ಅಲ್ಲಿಗೇ ಬರುತ್ತವೆ.

ವಾಕಿಂಗ್ ಅಂತ ದೂರ ನಡೆಸುವ ಗಡಿಬಿಡಿ ಬೇಡ. ಒಂದೇ ದಾರಿ, ಒಂದೇ ಹೊತ್ತು, 10 ನಿಮಿಷ. ಮೂಸುತ್ತಾ ನಿಂತರೆ ನಿಲ್ಲಲಿ. ನಾಲ್ಕು ಕಂಬ ಮೂಸಿ ಬಂದ ನಾಯಿ ನಾಲ್ಕು ಕಿಲೋಮೀಟರ್ ಎಳೆಸಿಕೊಂಡು ಬಂದ ನಾಯಿಗಿಂತ ನೆಮ್ಮದಿಯಾಗಿ ಮಲಗುತ್ತದೆ.

ನಿನ್ನೆ ಚೆನ್ನಾಗಿತ್ತು, ಇವತ್ತು ಎಲೆ ಅಲ್ಲಾಡಿದರೂ ಬೆಚ್ಚುತ್ತದೆ. ಯಾಕೆ?

ಬಿಂದಿಗೆ ತುಂಬಿರಬೇಕು. ಬೆಳಿಗ್ಗೆ ಡೋರ್‌ಬೆಲ್, ಮಧ್ಯಾಹ್ನ ವಾಷಿಂಗ್ ಮಷಿನ್, ಸಂಜೆ ಎದುರು ಸಿಕ್ಕ ಇನ್ನೊಂದು ನಾಯಿ. ಒಂದೊಂದನ್ನೇ ಆದರೆ ತಡೆದುಕೊಳ್ಳುತ್ತಿತ್ತು. ಎಲ್ಲ ಸೇರಿದಾಗ ಕೊನೆಗೆ ಬಿದ್ದ ಚಮಚಕ್ಕೆ ತುಳುಕುತ್ತದೆ. ನಾವು ಚಮಚ ನೋಡಿ "ಇಷ್ಟಕ್ಕೆಲ್ಲ ಹೆದರೋದಾ" ಅನ್ನುತ್ತೇವೆ. ಅಂಥ ದಿನದ ಮಾರನೇ ದಿನ ಏನೂ ಇಟ್ಟುಕೊಳ್ಳಬೇಡಿ. ಮನೆಯಲ್ಲೇ ಇರಿ, ಜಗಿಯೋಕೆ, ನೆಕ್ಕೋಕೆ ಏನಾದರೂ ಕೊಡಿ, ಮಲಗಲಿ ಬಿಡಿ. ಬೆಳೆದ ನಾಯಿಗೆ ದಿನಕ್ಕೆ 12ರಿಂದ 14 ಗಂಟೆ ನಿದ್ದೆ ಬೇಕು, ಕಾವಲು ಕಾಯುತ್ತಾ ಕೂತ ನಾಯಿಗೆ ಅದರ ಅರ್ಧವೂ ಆಗಿರುವುದಿಲ್ಲ.

ಹಳೆಯ ಹೆದರಿಕೆ ಮತ್ತೆ ತಲೆ ಎತ್ತುವುದೂ ಉಂಟು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಗಳ ಕಥೆಯ ಪಾವ್ಲೋವ್ ಗೊತ್ತಲ್ಲ, 1924ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಪ್ರವಾಹ ಬಂದಾಗ ಅವರ ಪ್ರಯೋಗಾಲಯದ ನಾಯಿಗಳು ಗೂಡಿನಲ್ಲೇ ಸಿಕ್ಕಿಕೊಂಡವು, ಮುಳುಗುವ ಹೊತ್ತಿಗೆ ಸಿಬ್ಬಂದಿ ಹೋಗಿ ಬಿಡಿಸಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಕಲಿತಿದ್ದನ್ನೆಲ್ಲ ಮರೆತಿದ್ದವು. ನಿಧಾನಕ್ಕೆ ಸುಧಾರಿಸಿಕೊಂಡ ಒಂದು ನಾಯಿಯ ಕೋಣೆಗೆ ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಸಿದರು. ಅಷ್ಟಕ್ಕೇ ಮತ್ತೆ ಎಲ್ಲ ಹೋಯಿತು. ನಿಮ್ಮ ನಾಯಿಯ ಬಾಗಿಲ ಕೆಳಗಿಂದ ಯಾವ ನೀರು ಬಂತು ಅಂತ ನಿಮಗೆ ಯಾವತ್ತೂ ಗೊತ್ತಾಗದೆ ಇರಬಹುದು. ಒಂದು ಹೆಜ್ಜೆ ಹಿಂದೆ ಹೋಗಿ, ಅದಕ್ಕೆ ಸುಲಭ ಅನ್ನಿಸಿದ್ದರಿಂದ ಮತ್ತೆ ಶುರು ಮಾಡಿ.

ಗುಡುಗು, ಪಟಾಕಿ ಥರದ ಸದ್ದಿಗೆ ಏನು ಮಾಡೋದು?

ಕಿಟಕಿ ಮುಚ್ಚಿ, ಪರದೆ ಎಳೆಯಿರಿ, ಒಳಗಿನ ಕೋಣೆಯಲ್ಲಿ ಮರೆ ಮಾಡಿಕೊಡಿ. ಅಭ್ಯಾಸ ಮಾಡಿಸುವುದಾದರೆ ಶಾಂತವಾದ ದಿನ, ರೆಕಾರ್ಡ್ ಮಾಡಿದ ಸದ್ದನ್ನು ಕಿವಿ ಮಾತ್ರ ಅಲ್ಲಾಡುವಷ್ಟು ಕಡಿಮೆ ಇಟ್ಟು, ಸದ್ದು ಬಂದ ಮೇಲೆ ತಿಂಡಿ. ಈ ಕ್ರಮ ತಪ್ಪಬಾರದು. ತಿಂಡಿ ಮೊದಲು ಬಂದರೆ ನಾಯಿ ತಿಂಡಿಯನ್ನೇ ಅನುಮಾನಿಸೋಕೆ ಶುರು ಮಾಡುತ್ತದೆ.

ಸಂಗೀತ ಹಾಕಬಹುದು. ಸ್ಕಾಟ್ಲೆಂಡಿನ ಪ್ರಾಣಿದಯಾ ಸಂಘ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿ ಆಶ್ರಯತಾಣದ ನಾಯಿಗಳಿಗೆ ಬೇರೆ ಬೇರೆ ಸಂಗೀತ ಕೇಳಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೆಗೆ ಮತ್ತು ಸಾಫ್ಟ್ ರಾಕ್‌ಗೆ ನಾಯಿಗಳು ಹೆಚ್ಚು ನಿರಾಳವಾಗಿದ್ದವು. ಒಂದನ್ನೇ ದಿನಾ ಹಾಕಿದರೆ ರೂಢಿಯಾಗಿಬಿಡುತ್ತದೆ, ಬದಲಾಯಿಸುತ್ತಿರಿ.

ಇದುವರೆಗೆ ಸದ್ದಿಗೆ ಹೆದರದ ನಾಯಿ ಇದ್ದಕ್ಕಿದ್ದಂತೆ ಹೆದರೋಕೆ ಶುರು ಮಾಡಿದರೆ ಮೈಕೈ ನೋವಿದೆಯಾ ಅಂತ ಡಾಕ್ಟರ ಹತ್ತಿರ ನೋಡಿಸಿ. ಕೀಲು, ಸೊಂಟದ ನೋವಿಗೂ ಸದ್ದಿನ ಹೆದರಿಕೆಗೂ ನಂಟಿದೆ ಅಂತ 2018ರ ಒಂದು ಅಧ್ಯಯನ ತೋರಿಸಿತ್ತು. ಬೆಚ್ಚಿಬಿದ್ದಾಗ ಮೈ ಬಿಗಿಯುತ್ತದೆ, ನೋವಾಗುತ್ತದೆ, ನೋವು ಸದ್ದಿಗೆ ಅಂಟಿಕೊಳ್ಳುತ್ತದೆ.

ಒಂಟಿಯಾಗಿ ಬಿಟ್ಟುಹೋದರೆ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ.

ಮೊದಲು ಹಳೆಯ ಫೋನ್ ಒಂದನ್ನು ಕ್ಯಾಮೆರಾ ಮಾಡಿ ಇಟ್ಟು ಹೋಗಿ. ನೀವು ಹೋಗಿ ಒಂದು ಗಂಟೆ ಆದ ಮೇಲೆ ಚಪ್ಪಲಿ ಅಗಿದರೆ ಅದು ಬೇಜಾರು ಇರಬಹುದು. ಬಾಗಿಲು ಹಾಕಿದ ಕೆಲವೇ ನಿಮಿಷದಲ್ಲಿ ಜೊಲ್ಲು, ಅಲೆದಾಟ, ಊಳು, ಬಾಗಿಲ ಚೌಕಟ್ಟಿಗೇ ಹಲ್ಲು ಅಂದರೆ ಗಾಬರಿ. ಇವೆರಡಕ್ಕೂ ಮದ್ದು ಬೇರೆ. "ಹಟ ಮಾಡುತ್ತಿದೆ, ಅತ್ತು ಸುಮ್ಮನಾಗುತ್ತೆ ಬಿಡಿ" ಅನ್ನುವ ಸಲಹೆ ಗಾಬರಿಗೆ ಕೆಲಸ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಅಂಥ ನಾಯಿಯನ್ನು ಪಂಜರದಲ್ಲಿ ಹಾಕಿ ಹೋದರೆ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ.

ಗಾಬರಿ ಶುರುವಾಗುವ ಮುಂಚೆಯೇ ವಾಪಸ್ ಬರುವುದು, ಇಷ್ಟೇ ಇದರ ಗುಟ್ಟು. ಬಾಗಿಲ ಹಿಡಿ ಮುಟ್ಟಿ ಬಂದು ಕೂರಿ. ಆಮೇಲೆ ತೆರೆದು ಮುಚ್ಚಿ. ಆಮೇಲೆ ಹೊರಗೆ 5 ಸೆಕೆಂಡ್. 10. ಮತ್ತೆ 3. ಯಾವಾಗಲೂ ಏರುತ್ತಲೇ ಹೋದರೆ ಅದಕ್ಕೆ ಗೊತ್ತಾಗಿಬಿಡುತ್ತದೆ. ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಟಿವಿ ಮುಂದೆ ಕೂರಿ, ಶೂ ಹಾಕಿಕೊಂಡು ಪಾತ್ರೆ ತೊಳೆಯಿರಿ. ಅಕ್ಕಪಕ್ಕದವರು ನೋಡಿದರೆ ನಗುತ್ತಾರೆ, ನಗಲಿ. ಮೊದಲ ಅರ್ಧ ಗಂಟೆ ತಲುಪೋಕೆ ನಮಗೆ ಎರಡೂವರೆ ತಿಂಗಳು ಹಿಡಿಯಿತು. ಅರ್ಧ ಗಂಟೆ ದಾಟಿದ ಮೇಲೆ ಎರಡು ಗಂಟೆಗೆ ಹೋಗೋಕೆ ಅಷ್ಟು ಕಷ್ಟ ಆಗಲಿಲ್ಲ.

ಕಷ್ಟದ ಭಾಗ ಏನಂದ್ರೆ, ಈ ಅಭ್ಯಾಸ ನಡೆಯುವಷ್ಟು ದಿನ ಅದರ ಶಕ್ತಿ ಮೀರಿ ಒಂಟಿ ಬಿಡಬಾರದು. ಮನೆಯವರು ಪಾಳಿ ಹಾಕಿಕೊಳ್ಳಬೇಕು, ಸ್ನೇಹಿತರನ್ನು ಕೇಳಬೇಕು. ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತೆ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ಸಾಮಾನ್ಯವಾಗಿ ಹೋಗುವುದಿಲ್ಲ, ಅದಕ್ಕೆ ಬೇಕಿರುವುದು ಮನುಷ್ಯರು.

ಮನೆಯೊಳಗೇ ಉಚ್ಚೆ ಮಾಡುತ್ತಿದೆ. ದೊಡ್ಡ ನಾಯಿ ಅಲ್ವಾ, ಗೊತ್ತಾಗಬೇಡವಾ?

ಹೊಸ ಮನೆಯಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಅಂತ ಅದಕ್ಕೆ ಯಾರೂ ಹೇಳಿಲ್ಲ. ಎದ್ದ ಮೇಲೆ, ತಿಂದ ಮೇಲೆ, ಮಲಗುವ ಮುಂಚೆ ಹೊರಗೆ, ಅಲ್ಲಿ ಮಾಡಿದರೆ ಆ ಕ್ಷಣವೇ ತಿಂಡಿ. ಒಳಗೆ ಮಾಡಿದ್ದನ್ನು ಕಿಣ್ವ ಇರುವ ಕ್ಲೀನರ್‌ನಿಂದ ಒರೆಸಿ, ಅಮೋನಿಯಾ ಇರುವುದು ಬೇಡ, ಅದರ ವಾಸನೆ ಉಚ್ಚೆಯದ್ದೇ ಥರ. ಮೂಗು ಒತ್ತಿ ತೋರಿಸುವವರು ದಯವಿಟ್ಟು ನಿಲ್ಲಿಸಿ. ಪದೇ ಪದೇ, ಸ್ವಲ್ಪ ಸ್ವಲ್ಪ ಮಾಡುತ್ತಿದ್ದರೆ ಮೂತ್ರದ ಸೋಂಕು ಇದೆಯಾ ನೋಡಿಸಿ.

ರಾತ್ರಿ ಎಲ್ಲಿ ಮಲಗಿಸೋದು?

ನಿಮ್ಮ ಉಸಿರು ಕೇಳಿಸುವಷ್ಟು ಹತ್ತಿರ, ಅದಕ್ಕೆ ಒಪ್ಪಿಗೆ ಇದ್ದರೆ. ಆಮೇಲೆ ಬೇಕಾದರೆ ಹಾಸಿಗೆಯನ್ನು ದಿನಕ್ಕೆ ಒಂದಡಿ ದೂರ ಸರಿಸಬಹುದು.

ನನ್ನ ಬಿಟ್ಟು ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿಲ್ಲ. ಮನೆಯವರಿಗೆ ಬೇಜಾರು.

ತುಂಬ ಕಡೆ ಹೀಗೇ. ದೊಡ್ಡ ದನಿ, ದೊಡ್ಡ ಆಳು, ಗಡ್ಡ, ಟೋಪಿ, ಯಾವುದಾದರೂ ಆಗಬಹುದು. ಬೇಜಾರಾದವರು ಒಲಿಸಿಕೊಳ್ಳೋಕೆ ಹೋಗುವುದನ್ನು ಬಿಡಬೇಕು. ದಾಟಿ ಹೋಗುವಾಗ ನೋಡದೆ ಒಂದು ತುಂಡು ತಿಂಡಿ ಬೀಳಿಸಿ ಮುಂದೆ ನಡೆಯಲಿ. ವಾಕಿಂಗ್‌ಗೆ ನಿಮ್ಮ ಜೊತೆ ಅವರೂ ಬರಲಿ, ಲೀಶ್ ನಿಮ್ಮ ಕೈಯಲ್ಲೇ ಇರಲಿ. ನಮ್ಮ ಮನೆಯಲ್ಲಿ ಅತಿ ಬೇಗ ಚಿಕ್ಕಿಯ ಸ್ನೇಹ ಸಂಪಾದಿಸಿದ್ದು ನಾಯಿ ಅಂದರೆ ಅಷ್ಟಕ್ಕಷ್ಟೇ ಅನ್ನುವ ನಮ್ಮಪ್ಪ. ಅವರು ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ!

ಮನೆಯಲ್ಲಿ ಮಕ್ಕಳಿದ್ದಾರೆ, ಇನ್ನೊಂದು ನಾಯಿಯೂ ಇದೆ.

ಮಕ್ಕಳಿಗೆ ಮೂರೇ ನಿಯಮ: ತಿನ್ನುವಾಗ ಹೋಗಬಾರದು, ಮಲಗಿದಾಗ ಮುಟ್ಟಬಾರದು, ಅಪ್ಪಿಕೊಳ್ಳಬಾರದು. ಚಿಕ್ಕ ಮಕ್ಕಳಾದರೆ ನೀವು ಅದೇ ಕೋಣೆಯಲ್ಲಿದ್ದು, ಕಣ್ಣೂ ಅಲ್ಲೇ ಇರಬೇಕು. ಇಲ್ಲ ಅಂದರೆ ನಡುವೆ ಗೇಟ್. ಮಕ್ಕಳನ್ನು ಪರಿಚಯದ ನಾಯಿಗಳೂ ಕಚ್ಚುತ್ತವೆ.

ನಾಯಿ ನಾಯಿಯ ಭೇಟಿ ಮನೆಯಲ್ಲಿ ಬೇಡ, ಹೊರಗೆ, ಎರಡಕ್ಕೂ ಸೇರದ ಜಾಗದಲ್ಲಿ. ಮುಖಾಮುಖಿ ನಿಲ್ಲಿಸದೆ ರಸ್ತೆಯ ಎರಡು ಬದಿಯಲ್ಲಿ ಒಂದೇ ದಿಕ್ಕಿಗೆ ನಡೆಸಿ, ನಿಧಾನಕ್ಕೆ ಹತ್ತಿರ ತನ್ನಿ. ತಟ್ಟೆ ಬೇರೆ, ಊಟದ ಕೋಣೆ ಬೇರೆ.

ಸ್ವಲ್ಪ ಬಿಗಿ ಮಾಡಿದರೆ ತಾನೇ ಕಲಿಯೋದು?

ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಗದರಿಸಿ, ಎಳೆದು ಕಲಿಸಿದ ನಾಯಿಗಳಲ್ಲಿ ಒತ್ತಡದ ಲಕ್ಷಣ ಜಾಸ್ತಿ, ತರಬೇತಿ ಆದ ಮೇಲೆ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಜಾಸ್ತಿ. ನನಗೆ ಮನಸ್ಸಿಗೆ ತಟ್ಟಿದ್ದು ಬಟ್ಟಲಿನ ಪರೀಕ್ಷೆ. ಒಂದು ಬದಿಯ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಬದಿಯದು ಯಾವಾಗಲೂ ಖಾಲಿ. ಇದು ರೂಢಿಯಾದ ಮೇಲೆ ಬಟ್ಟಲನ್ನು ನಡುವೆ ಇಟ್ಟರು. ತಿಂಡಿ ಕೊಟ್ಟು ಕಲಿಸಿದ ನಾಯಿಗಳು ಇರಬಹುದು ಅಂತ ಬೇಗ ಹೋದವು. ತುಂಬ ಗದರಿಸಿಕೊಂಡವು ಇರಲಿಕ್ಕಿಲ್ಲ ಅನ್ನುವ ಹಾಗೆ ತಡವಾಗಿ ಹೋದವು.

ಔಷಧಿ ಕೊಡಬೇಕಾಗುತ್ತದಾ?

ಕೆಲವಕ್ಕೆ ಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಒಂಟಿತನದ ಗಾಬರಿಗೆ ಡಾಕ್ಟರು ಫ್ಲುಯೊಕ್ಸೆಟಿನ್, ಕ್ಲೊಮಿಪ್ರಮಿನ್ ಥರದ್ದು ಬರೆಯುತ್ತಾರೆ. ಪರಿಣಾಮ ಕಾಣೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಮಧ್ಯದಲ್ಲಿ ನೀವಾಗಿ ನಿಲ್ಲಿಸಬಾರದು. ಮಾತ್ರೆ ಒಂದೇ ಸಾಲುವುದಿಲ್ಲ, ಕಲಿಯೋಕೆ ಆಗುವಷ್ಟು ಮನಸ್ಸನ್ನು ತಿಳಿ ಮಾಡಿಕೊಡುತ್ತದೆ, ಕಲಿಸುವುದು ನೀವೇ. ವಾರಗಟ್ಟಲೆ ತಿನ್ನದೆ, ಮಲಗದೆ, ಮೈ ಕೆರೆದು ಹುಣ್ಣು ಮಾಡಿಕೊಳ್ಳುವ ನಾಯಿಯನ್ನು "ಕಾಲವೇ ಸರಿಮಾಡುತ್ತೆ" ಅಂತ ಬಿಡಬೇಡಿ. ಮನುಷ್ಯರ ಮಾತ್ರೆ, ಅದರಲ್ಲೂ ಐಬುಪ್ರೊಫೆನ್, ಪ್ಯಾರಸಿಟಮಾಲ್ ಮನೆಯಲ್ಲೇ ಕೊಡಲೇಬೇಡಿ.

ನನಗೇ ಸಾಕಾಗಿಹೋಗಿದೆ. ತಪ್ಪು ಮಾಡಿಬಿಟ್ಟೆನಾ?

ಎರಡನೇ ವಾರದಲ್ಲಿ ನಾನು ಬಾತ್‌ರೂಮಿನಲ್ಲಿ ಕೂತು ಅತ್ತಿದ್ದೇನೆ. ತುಂಬ ಜನ ಅಳುತ್ತಾರೆ, ಹೇಳಿಕೊಳ್ಳುವುದಿಲ್ಲ. ನಿದ್ದೆ ಕೆಟ್ಟಿರುತ್ತದೆ, ಅದಕ್ಕೆ ಎಷ್ಟು ಮಾಡಿದರೂ ನಿಮ್ಮನ್ನು ಕಂಡು ಓಡುತ್ತದೆ. ವಾರಕ್ಕೊಂದು ಸಾಲು ಬರೆದಿಡಿ: ಎಷ್ಟು ಹೊತ್ತು ಹೊರಗಿತ್ತು, ಎಲ್ಲಿ ಮಲಗಿತು, ಏನು ತಿಂತು. ದಿನದಿನ ಕಾಣದ ಬದಲಾವಣೆ ನಾಲ್ಕನೇ ವಾರ ಓದಿದಾಗ ಕಾಣುತ್ತದೆ. ಅದರಲ್ಲೂ ಏನೂ ಕಾಣದೆ, ಮನೆಯಲ್ಲಿ ಯಾರಿಗಾದರೂ ಅಪಾಯ ಅನ್ನಿಸಿದರೆ ಕೊಟ್ಟವರ ಹತ್ತಿರ ಮಾತಾಡಿ, ಅದಕ್ಕೆ ಸರಿಹೊಂದುವ ಬೇರೆ ಮನೆ ಹುಡುಕಿ. ಅದು ಕೈಬಿಟ್ಟ ಹಾಗಲ್ಲ.

ಚಿಕ್ಕಿ ಈಗ ಪೂರ್ತಿ ಸರಿಹೋದಳಾ?

ಇಲ್ಲ. ಛತ್ರಿ ಬಿಚ್ಚಿದರೆ ಇವತ್ತಿಗೂ ಮಂಚದ ಕೆಳಗೆ. ಮೊದಲು ಅಲ್ಲಿ ಅರ್ಧ ದಿನ ಇರುತ್ತಿದ್ದಳು, ಈಗ ಹತ್ತು ನಿಮಿಷ, ಆಮೇಲೆ ತಾನೇ ಬಂದು ಛತ್ರಿಯನ್ನು ದೂರದಿಂದ ಒಂದು ಸಲ ಮೂಸಿ ಹೋಗುತ್ತಾಳೆ. ಬಿಲ್ಲೆಯ ಟೇಪ್ ಹೋದ ವರ್ಷ ತೆಗೆದೆ. ತಟ್ಟೆ ಕೆಳಗಿನ ಬಟ್ಟೆ ಹಾಗೇ ಇದೆ.